ಕಾಯಿಲೆ ಬಿದ್ದವನ ಮನೆಗೆ ನ್ಯಾಯ ಹೇಳಲು ಹೋಗುವವರಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಊರ ಯಜಮಾನರಿಗೆ, ಗ್ರಾಮ ಪಂಚಾಯಿತಿಯ ಹಾಲಿ ಮತ್ತು ಮಾಜಿ ಸದಸ್ಯರಿಗೆ, ಸಂಸಾರದ ಜಗಳಕ್ಕೆ ನ್ಯಾಯ ಹೇಳಲು ಜನ ಕರೆದೊಯ್ಯುವ ಎಲ್ಲ ಹಿರಿಯರಿಗೆ,



ನಮ್ಮ ಸೀಮೆಯಲ್ಲಿ ಗಂಡ ಹೆಂಡತಿಯ ಜಗಳ ಕೋರ್ಟಿಗೆ ಹೋಗುವ ಮುಂಚೆ ನಿಮ್ಮ ಮುಂದೆ ಬರುತ್ತದೆ. ಹುಡುಗಿ ಕಡೆಯಿಂದ ಒಂದು ಟೆಂಪೋ ಜನ, ಹುಡುಗನ ಕಡೆಯಿಂದ ಅಷ್ಟೇ ಜನ, ನಡುವೆ ನೀವು. ಎಷ್ಟೋ ಸಂಸಾರ ನಿಮ್ಮ ಮಾತಿನಿಂದ ಉಳಿದಿದೆ. ಅದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ. ಕಾನೂನು ನೆರವು ಕೇಳಿಕೊಂಡು ಬರುವವರ ಪಕ್ಕದಲ್ಲಿ ಕೂತು ಅರ್ಜಿ ಬರೆದುಕೊಡುವ ಕೆಲಸ ನನ್ನದು. ನೀವು ನ್ಯಾಯ ಮುಗಿಸಿ ಎದ್ದ ಮೇಲೆ ಉಳಿಯುವ ಕಾಗದ ನನ್ನ ಕೈಗೆ ಬರುತ್ತದೆ. ಅದರಲ್ಲಿ ಒಂದು ಬಗೆಯ ಕಾಗದ ಓದಿದಾಗಲೆಲ್ಲ ಸಂಕಟವಾಗುತ್ತದೆ. ದುಡಿಯುವ ಗಂಡ ಕಾಯಿಲೆ ಬಿದ್ದ ಮೇಲೆ ಆತುರಾತುರವಾಗಿ ಬರೆಸಿದ ಬಿಡುಗಡೆ ಪತ್ರ ಅದು.

ದುಡಿಮೆ ನಿಲ್ಲುವುದು ಹೇಗೆಂದು ನಿಮಗೆ ನಾನು ಹೇಳಬೇಕಿಲ್ಲ. ವಿ.ಸಿ. ನಾಲೆಯ ಬಯಲಿನಲ್ಲಿ ಕಬ್ಬು ಮಾಡುವವನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿರುತ್ತದೆ, ಗೊತ್ತಾಗುವ ಹೊತ್ತಿಗೆ ಕಾಲು ಮರಗಟ್ಟಿ ಹುಣ್ಣಾಗಿರುತ್ತದೆ. ಶ್ರೀರಂಗಪಟ್ಟಣದ ಕಡೆಯಿಂದ ಮೈಸೂರಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವವನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟು ಗಂಡಸರು ಮುಂಬೈಯಲ್ಲಿ ದುಡಿಯುತ್ತಿದ್ದಾರೆಂದು ಹೊರಗಿನವರಿಗೆ ತಿಳಿದದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ಹೊತ್ತಿನಲ್ಲಿ ಅವರೆಲ್ಲ ಹಿಂತಿರುಗಿ ಕ್ವಾರಂಟೈನ್ ಸೇರಿದಾಗ. ಅಲ್ಲಿ ಹತ್ತಿಪ್ಪತ್ತು ವರ್ಷ ಹೋಟೆಲಿನ ಒಲೆ ಮುಂದೆ ನಿಂತವನು ಮೂತ್ರಪಿಂಡ ಕೆಟ್ಟಿತೆಂದು ಊರಿಗೆ ಬಂದರೆ, ಕೈಯಲ್ಲಿ ಸಂಬಳದ ಚೀಟಿ ಇರುವುದಿಲ್ಲ, ಪಿ.ಎಫ್. ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಕವರಿನ ತುಂಬ ಲ್ಯಾಬಿನ ಚೀಟಿ ಇರುತ್ತದೆ.

ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಇಲ್ಲವೇ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆಯ ಹೊತ್ತು ಯಂತ್ರದ ಪಕ್ಕ ಮಲಗುವುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಅದಕ್ಕೆ ಹಣ ಕೊಡಬೇಕಿಲ್ಲ, ಅದು ದೊಡ್ಡ ಉಪಕಾರ. ಆದರೆ ಹೋಗಿ ಬರುವ ಆಟೋ, ಜೊತೆಗೆ ಹೋದವರ ಕೂಲಿ ತಪ್ಪುವುದು, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ಭಾರ ಎತ್ತಬಾರದು. ಆ ಕೈ ಮುಟ್ಟಿ ನೋಡಿದರೆ ಒಳಗೆ ರಕ್ತ ಜುಮುಗುಡುವುದು ಬೆರಳಿಗೆ ತಾಗುತ್ತದೆ. ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕು ಅಂತ ಆ ಕೈಗೆ ಹೇಳುವುದು ಹೇಗೆ?

ಇಂಥ ಮನೆಯ ನ್ಯಾಯ ಸೇರಿದಾಗ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, “ಅವ್ನಿಗೇ ಉಸಿರಿಲ್ಲ, ಇನ್ನು ಜೀವನಾಂಶ ಎಲ್ಲಿಂದ ತಂದಾನು?” ಇನ್ನೊಂದು, “ಚೆನ್ನಾಗಿದ್ದಾಗ ಉಂಡ್ಲು, ಕಾಯ್ಲೆ ಬಂದಾಗ ಬುಟ್ಟು ಹೋಯ್ತಾವ್ಳೆ.” ಮೊದಲ ಮಾತು ಲೆಕ್ಕದ ಬಾಯಿ ಮುಚ್ಚಿಸುತ್ತದೆ, ಎರಡನೆಯದು ಹೆಣ್ಣಿನ ಬಾಯಿ ಮುಚ್ಚಿಸುತ್ತದೆ. ಆಮೇಲೆ ಯಾರೋ ಒಬ್ಬರು ಒಂದು ಮೊತ್ತ ಹೇಳುತ್ತಾರೆ, ಗಂಡನ ಅಣ್ಣತಮ್ಮಂದಿರು ಕೈಸಾಲ ಮಾಡಿ ಹೊಂದಿಸುತ್ತಾರೆ, ಛಾಪಾ ಕಾಗದ ಬರುತ್ತದೆ. ಉಭಯತ್ರರೂ ಸ್ವಇಚ್ಛೆಯಿಂದ ಬೇರೆಯಾಗಿರುತ್ತೇವೆ, ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ ಎಂದು ಬರೆದು, ಕೆಳಗೆ ನಿಮ್ಮಲ್ಲಿ ನಾಲ್ಕು ಜನ ಸಾಕ್ಷಿ ಹಾಕುತ್ತೀರಿ. ಹುಡುಗಿಯ ರುಜು ಹೆಚ್ಚಾಗಿ ಎಲ್ಲರಿಗಿಂತ ಕೊನೆಗೆ, ಜಾಗವಿಲ್ಲದ ಅಂಚಿನಲ್ಲಿ ಇರುತ್ತದೆ.

ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಇದನ್ನು ನೀವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ ವಿಚ್ಛೇದನ ಕೊಡುವುದು ನ್ಯಾಯಾಲಯ. ನಮ್ಮ ಒಕ್ಕಲುತನದ ಜಾತಿಗಳಲ್ಲಿ ಬಿಡುಗಡೆ, ಕೂಡಿಕೆ ಹಿಂದಿನಿಂದ ಇದ್ದದ್ದು ನಿಜ, ಹೆಣ್ಣು ಬೇರೆ ಬಾಳು ಕಟ್ಟಿಕೊಳ್ಳಲು ಬಿಟ್ಟ ಉದಾರತೆಯೂ ಅದರಲ್ಲಿತ್ತು. ಕಾಯ್ದೆಯ 29ನೇ ಕಲಮು ಅಂಥ ರೂಢಿಯನ್ನು ಉಳಿಸಿಯೂ ಇದೆ. ಆದರೆ ಆ ರೂಢಿ ತಮ್ಮ ಜನದಲ್ಲಿ ಬಹುಕಾಲದಿಂದ ಬಿಡದೆ ನಡೆದುಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಅದನ್ನು ನೆಚ್ಚಿಕೊಂಡವರ ಮೇಲೆ. ಮೂರು ವರ್ಷದ ನಂತರ ಗಂಡ ತೀರಿಕೊಂಡು, ಪೌತಿ ಖಾತೆಗೆ ಅರ್ಜಿ ಹಾಕಿದಾಗ, ಬಿಡುಗಡೆ ಆದವಳು ಹೆಂಡತಿಯೋ ಅಲ್ಲವೋ ಎಂಬ ಜಗಳ ಹೊಸದಾಗಿ ಶುರುವಾಗುತ್ತದೆ. ಅಷ್ಟರಲ್ಲಿ ಅವಳಿಗೆ ಬೇರೆ ಮದುವೆ ಮಾಡಿದ್ದರೆ ಆ ಮದುವೆಯ ಬುಡವೂ ಅಲುಗುತ್ತದೆ.

ಇನ್ನು, ಅವಳು ಜೀವನಾಂಶ ಬಿಟ್ಟುಕೊಟ್ಟಿದ್ದಾಳೆ ಎಂದು ಬರೆಸಿದ ಸಾಲು. ಕಲಬುರಗಿ ಕಡೆಯ ಒಂದು ಪ್ರಕರಣ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆ ಹೆಂಡತಿ ಹಿಂದೆ ರಾಜಿ ಮಾಡಿಕೊಂಡು, 8,000 ರೂಪಾಯಿ ಒಂದೇ ಗಂಟಾಗಿ ತೆಗೆದುಕೊಂಡು, ಇನ್ನು ಏನೂ ಕೇಳುವುದಿಲ್ಲ ಎಂದು ಒಪ್ಪಿದ್ದರು. ರಾಜಿಯಾದದ್ದು ಜಗಲಿ ಮೇಲಲ್ಲ, ಕೋರ್ಟಿನಲ್ಲೇ. ಹಲವು ವರ್ಷದ ಮೇಲೆ ಬದುಕು ನಡೆಯದೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಮತ್ತೆ ದಾವೆ ಹಾಕಿದರು. ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದಾಯಿತು, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬದುಕಲು ಬೇಕಾದುದನ್ನು ಕೇಳುವ ಹಕ್ಕನ್ನು ಒಪ್ಪಂದದಿಂದ ಕಿತ್ತುಹಾಕಲು ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೋರ್ಟಿನ ಮುಂದೆ ಮಾಡಿದ ರಾಜಿಯ ಗತಿಯೇ ಇದಾದರೆ, ನೀವು ಸಾಕ್ಷಿ ಹಾಕಿದ ಕಾಗದದ ಬಲ ಎಷ್ಟೆಂದು ನೀವೇ ಯೋಚಿಸಿ. ಸಾಲ ಮಾಡಿ ಹಣ ಕೊಟ್ಟ ಗಂಡನ ಮನೆಯವರಿಗೂ ಅದರಿಂದ ನೆಮ್ಮದಿ ಸಿಗುವುದಿಲ್ಲ.

ಹಾಗಾದರೆ ಕಾಯಿಲೆಯವನು ಕೊಡುವುದೆಲ್ಲಿಂದ ಎಂಬ ಪ್ರಶ್ನೆ ಹಾಗೇ ಉಳಿಯಿತು. ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ನೀವು ಅವನ ಮೈ ನೋಡಿ ತೀರ್ಮಾನ ಹೇಳುತ್ತೀರಿ. ಕಾನೂನು ಮೈಯನ್ನೂ ನೋಡುತ್ತದೆ, ಪಹಣಿಯನ್ನೂ ನೋಡುತ್ತದೆ. ದೃಢಕಾಯನಾದ ಗಂಡ ಕೆಲಸವಿಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ, ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲೂ ಹೇಳಿದೆ. ಆ ಮಾತು ಗಟ್ಟಿಮುಟ್ಟಾದವನಿಗೆ. ಡಯಾಲಿಸಿಸ್‌ನಲ್ಲಿರುವವನ ತಲೆಗೆ ಅದನ್ನೇ ಕಟ್ಟುವುದು ಅನ್ಯಾಯ. 2020ರ ನವೆಂಬರಿನಲ್ಲಿ ಬಂದ ರಜನೇಶ್–ನೇಹಾ ತೀರ್ಪು ಇಡೀ ದೇಶಕ್ಕೆ ಜೀವನಾಂಶದ ಅಳತೆ ಹಾಕಿಕೊಟ್ಟಿತು. ಗಂಡ, ಹೆಂಡತಿ, ಮಕ್ಕಳಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆಯೋ ಅಂಗವೈಕಲ್ಯವೋ ಇದ್ದು ಮೇಲಿಂದ ಮೇಲೆ ಖರ್ಚಿದ್ದರೆ ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಅದರಲ್ಲೇ ಇದೆ. ಅದೇ ತೀರ್ಪು ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ಕಡ್ಡಾಯ ಮಾಡಿತು. ಕಾಯಿಲೆ ಹೇಳಿಕೊಳ್ಳುವವನು ಜಮೀನನ್ನೂ ಹೇಳಬೇಕು, ಜಮೀನು ತೋರಿಸಿ ಕೇಳುವವಳು ಅವನ ಔಷಧಿ ಚೀಟಿಯನ್ನೂ ನೋಡಬೇಕು.

ದುಡಿಮೆ ನಿಂತಿತು, ಸರಿ. ಎರಡು ಎಕರೆ ನಾಲೆ ಬಯಲು ನಿಂತಿತೇ? ಅದನ್ನು ವಾರಕ್ಕೆ ಕೊಟ್ಟರೂ ಅರ್ಧ ಬೆಳೆ ಬರುತ್ತದೆ, ಗುತ್ತಿಗೆಗೆ ಕೊಟ್ಟರೆ ಹಣ ಬರುತ್ತದೆ. ಡೈರಿಗೆ ಹಾಕುವ ಹಾಲಿನ ಪಾಸ್‌ಬುಕ್ ಯಾರ ಹೆಸರಿನಲ್ಲಿದೆ, ಹಸು ಯಾರದು, ಅದರ ಸಾಲ ತೀರಿಸಿದವರು ಯಾರು? ತೆಂಗಿನ ಫಲ ಯಾರ ಮನೆ ಸೇರುತ್ತಿದೆ? ಇದನ್ನೆಲ್ಲ ಕೇಳುವ ಯೋಗ್ಯತೆ ನಿಮಗಿರುವಷ್ಟು ಯಾವ ನ್ಯಾಯಾಧೀಶರಿಗೂ ಇಲ್ಲ. ಯಾರ ಜಮೀನಿನ ಬದು ಎಲ್ಲಿದೆಯೆಂದು ನಿಮಗೆ ಗೊತ್ತು. ಗೊತ್ತಿದ್ದೂ ಕೇಳುವುದಿಲ್ಲವೆಂಬುದು ನನ್ನ ದೂರು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯುತ್ತದೆ. ಕಾಯಿಲೆ ಗಟ್ಟಿಯಾಯಿತೆಂದು ಗೊತ್ತಾದ ತಿಂಗಳಲ್ಲೇ ಅವನ ಪಾಲು ತಮ್ಮನ ಹೆಸರಿಗೋ ಅಪ್ಪನ ಹೆಸರಿಗೋ ದಾನಪತ್ರವಾಗಿ, ಹಕ್ಕು ಬಿಡುಗಡೆ ಪತ್ರವಾಗಿ ಹೋಗುತ್ತದೆ. ನಾಳೆ ಸೊಸೆ ಬಂದು ಪಾಲು ಕೇಳಿದರೆ ಏನೂ ಇರಬಾರದು ಎಂಬ ಮುಂಜಾಗ್ರತೆ. ನಿಮ್ಮಲ್ಲೇ ಕೆಲವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅದಕ್ಕೆ ಸಾಕ್ಷಿ ಹಾಕಿ ಬರುತ್ತೀರಿ. ದಯವಿಟ್ಟು ಬೇಡ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮನ್ನು ಓದಿಸಿಕೊಂಡು ನೋಡಿ. ಆಸ್ತಿಯ ಹುಟ್ಟುವಳಿಯಿಂದ ಜೀವನಾಂಶ ಪಡೆಯುವ ಹಕ್ಕು ಒಬ್ಬರಿಗಿದ್ದು, ಆ ಆಸ್ತಿಯನ್ನು ಪುಕ್ಕಟೆಯಾಗಿ ಬರೆಸಿಕೊಂಡರೆ, ಬರೆಸಿಕೊಂಡವನ ಮೇಲೂ ಆ ಹಕ್ಕು ನಡೆಯುತ್ತದೆ. 1956ರ ಜೀವನಾಂಶ ಕಾಯ್ದೆಯ 28ನೇ ಕಲಮಿನಲ್ಲೂ ಅದೇ ಇದೆ. ಅಣ್ಣನ ಕಾಯಿಲೆಯ ಕಾಲದಲ್ಲಿ ಬರೆಸಿಕೊಂಡ ತಮ್ಮ ಆಮೇಲೆ ವರ್ಷಗಟ್ಟಲೆ ಕೋರ್ಟು ಅಲೆಯುತ್ತಾನೆ. ಕೆಲವು ಸಲ ಅಣ್ಣನಿಗೆ ಕೊನೆಗಾಲದಲ್ಲಿ ಔಷಧಿಗೆ ಹಣ ಬೇಕಾದಾಗ ಮಾರಲು ಅವನ ಹೆಸರಿನಲ್ಲಿ ಒಂದು ಗುಂಟೆಯೂ ಇರುವುದಿಲ್ಲ. ಹೆಂಡತಿಗೆ ತಪ್ಪಿಸಲು ಹೋಗಿ ರೋಗಿಗೇ ತಪ್ಪಿಸಿದಂತಾಗುತ್ತದೆ.

ಅದರ ಬದಲು ಕಾನೂನಿನಲ್ಲೇ ಒಂದು ದಾರಿ ಇದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯನ್ನು ಆಧಾರ ಮಾಡಿ ಕೋರ್ಟು ಆದೇಶ ಮಾಡಬಹುದು. ಜಮೀನು ಅವನದೇ ಆಗಿರುತ್ತದೆ, ಅದರ ಉತ್ಪನ್ನದಲ್ಲಿ ಇಷ್ಟು ಪಾಲು ಮಕ್ಕಳ ತಾಯಿಗೆ ಎಂದು ನಿಗದಿಯಾಗುತ್ತದೆ. ಅವನ ಚಿಕಿತ್ಸೆಯ ಖರ್ಚು ಮೊದಲು ಕಳೆಯಿರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಉಳಿದದ್ದು ಕಡಿಮೆಯಾದರೆ ಕಡಿಮೆಯೇ ಸಿಗಲಿ. ಆ ಲೆಕ್ಕ ಅವಳ ಕಣ್ಣೆದುರು ಆಗಲಿ. ನನ್ನ ಬಳಿ ಬರುವ ಹೆಣ್ಣುಮಕ್ಕಳನ್ನು ನೋಯಿಸುವುದು ಸಿಕ್ಕ ಹಣ ಕಡಿಮೆಯಾಯಿತೆಂಬುದಕ್ಕಿಂತ ಹೆಚ್ಚಾಗಿ, ತನ್ನನ್ನು ಹೊರಗೆ ಕೂರಿಸಿ ಒಳಗೆ ಲೆಕ್ಕ ಹಾಕಿದರೆಂಬುದು.

ಇನ್ನೊಂದು ಪ್ರಶ್ನೆ ನೀವು ಕೇಳುವುದೇ ಇಲ್ಲ. ವಿಚ್ಛೇದನವೇ ಬೇಕೇ? ಗಂಡನಿಗೆ ಮೂತ್ರಪಿಂಡ ಹೋಯಿತು, ಹೃದಯ ದುರ್ಬಲವಾಯಿತು ಎಂಬುದು ವಿಚ್ಛೇದನಕ್ಕೆ ಕಾರಣವೇ ಅಲ್ಲ. ಕುಷ್ಠರೋಗ ಹಿಂದೆ ಕಾರಣಗಳ ಪಟ್ಟಿಯಲ್ಲಿತ್ತು, 2019ರಲ್ಲಿ ಅದನ್ನು ತೆಗೆದರು. ಇಬ್ಬರೂ ಒಪ್ಪಿದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಿಗುತ್ತದೆ, ನಿಜ. ಆದರೆ ಡಿಕ್ರಿ ಆದ ದಿನದಿಂದ ಅವಳು ಅವನ ವಾರಸುದಾರಳಲ್ಲ. ಅವನು ಇಎಸ್‌ಐ ಇರುವ ಕಾರ್ಖಾನೆಯವನಾದರೆ ಅವಳಿಗಿದ್ದ ಚಿಕಿತ್ಸೆಯ ಸೌಲಭ್ಯವೂ ಹೋಗುತ್ತದೆ. ಮಕ್ಕಳು ಮಾತ್ರ ವಾರಸುದಾರರಾಗಿ ಉಳಿಯುತ್ತಾರೆ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಿಗುವ ತಿಂಗಳ ಜೀವನಾಂಶ ಅವನು ಬದುಕಿರುವವರೆಗೆ. ಕಾಯಿಲೆಯವನ ವಿಷಯದಲ್ಲಿ ಅದು ಎಷ್ಟು ದಿನವೋ ಹೇಳಲಾಗದು. ಹೊಡೆತ, ಕುಡಿತ ತಾಳಲಾರದೆ ಹೊರಬಂದವಳು ಮದುವೆ ಮುರಿಯದೆಯೂ ಬೇರೆ ಮನೆಯಲ್ಲಿದ್ದುಕೊಂಡು ಜೀವನಾಂಶ ಪಡೆಯಲು 1956ರ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆಂದು ಅವಳನ್ನು ಆ ಮನೆಗೇ ದೂಡಿ ಕಳಿಸಲು ನನ್ನ ಮಾತನ್ನು ಬಳಸಬೇಡಿ. ಎರಡೂ ದಾರಿಯನ್ನು ಅವಳ ಮುಂದಿಡಿ, ಆರಿಸಿಕೊಳ್ಳುವವಳು ಅವಳು.

ಕಾಯಿಲೆಯವನ ಪರವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಅವನಿಗೆ ತಿಳಿಸಿ ಹೇಳುವವರು ಯಾರೂ ಇರುವುದಿಲ್ಲ. ಮೈ ಚೆನ್ನಾಗಿದ್ದಾಗ ತಿಂಗಳಿಗೆ ಇಷ್ಟು ಎಂದು ಆದೇಶವಾಗಿರುತ್ತದೆ. ಆಮೇಲೆ ಲಕ್ವ ಹೊಡೆಯುತ್ತದೆ. ಕೊಡಲಾಗದೆ ಸುಮ್ಮನಾಗುತ್ತಾನೆ, ನೋಟಿಸು ಬಂದರೂ ಹೋಗುವುದಿಲ್ಲ. ಬಾಕಿ ಬೆಳೆಯುತ್ತದೆ, ವಾರಂಟು ಬರುತ್ತದೆ. ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಮನೆ ಎಂಬ ನಿಯಮವಿದೆ. ಸುಮ್ಮನೆ ಕೂತದ್ದು ತಪ್ಪು, ಕಾಯಿಲೆ ಬಿದ್ದದ್ದು ತಪ್ಪಲ್ಲ. ಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಿಸಬಹುದು ಎಂದು ಹಿಂದೂ ವಿವಾಹ ಕಾಯ್ದೆಯಲ್ಲೂ ಇದೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಲ್ಲೂ ಇದೆ. ಆಸ್ಪತ್ರೆಯ ದಾಖಲೆಯೊಡನೆ ಒಂದು ಅರ್ಜಿ ಸಾಕು. ಹಾಗೆಯೇ ಅವನು ಚೇತರಿಸಿಕೊಂಡರೆ ಹೆಚ್ಚಿಸಿಕೊಡಿ ಎಂದು ಅವಳೂ ಕೇಳಬಹುದು. ಒಮ್ಮೆ ತೀರ್ಮಾನವಾದರೆ ಮುಗಿಯಿತು ಎಂಬ ಹಟ ಜೀವನಾಂಶದಲ್ಲಿ ಇಲ್ಲವೇ ಇಲ್ಲ. ಇಎಸ್‌ಐ ಇರುವವನಿಗೆ ವರ್ಷಕ್ಕೆ 91 ದಿನ ಕೂಲಿಯ ಶೇ 70ರಷ್ಟು, ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ 80ರಷ್ಟು ಹಣ ಸಿಗುತ್ತದೆ. ದುಡಿಮೆಯೇ ಇಲ್ಲವೆಂದು ಜಗಲಿಯ ಮೇಲೆ ಹೇಳುವ ಮುಂಚೆ ಅದನ್ನು ಪಡೆದಿದ್ದಾನೋ ಇಲ್ಲವೋ ಯಾರಾದರೂ ಕೇಳಿ. ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ.

ಈವರೆಗೆ ದುಡಿಯುವವನು ಗಂಡ ಎಂದೇ ಬರೆದೆ. ಬೆಳಗಿನ ಜಾವ ಊರ ಬಾಗಿಲಲ್ಲಿ ಗಾರ್ಮೆಂಟ್ಸ್ ವ್ಯಾನಿಗೆ ಕಾದು ನಿಲ್ಲುವ ಹೆಂಗಸರನ್ನು ನೀವು ದಿನಾ ನೋಡುತ್ತೀರಿ. ಎರಡು ಹಸು ಕಟ್ಟಿ ಸಂಸಾರ ಎಳೆಯುವವರನ್ನೂ ನೋಡುತ್ತೀರಿ. ಆ ಹೆಂಗಸಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಎಷ್ಟು ಕಡೆ ನ್ಯಾಯ ಸೇರಿದೆ? ಸೇರುವುದಿಲ್ಲ. ತವರಿಗೆ ಕಳಿಸುತ್ತಾರೆ, ಅಣ್ಣ ಆಟೋದಲ್ಲಿ ಕರೆದುಕೊಂಡು ಹೋಗುತ್ತಾನೆ, ಅಷ್ಟೇ. ಬಿಟ್ಟು ಹೋದ ಎಂದು ಗಂಡಸನ್ನು ಯಾರೂ ಅನ್ನುವುದಿಲ್ಲ. ವರ್ಷ ಕಳೆದ ಮೇಲೆ ಅವನಿಗೆ ಬಿಡುಗಡೆ ಬೇಕಾದಾಗ ಮಾತ್ರ ನಿಮಗೆ ಕರೆ ಬರುತ್ತದೆ. ಅಂಥ ಕರೆ ಬಂದರೆ ಮೊದಲ ಪ್ರಶ್ನೆ ಅವನಿಗಿರಲಿ: ಅವಳ ಚಿಕಿತ್ಸೆಗೆ ಎಷ್ಟು ಕೊಟ್ಟೆ? ದುಡಿಯುತ್ತಿದ್ದ ಅವಳ ಹಣ ಎಲ್ಲಿ ಹೋಯಿತು, ಅವಳ ಒಡವೆ ಯಾವ ಬ್ಯಾಂಕಿನಲ್ಲಿದೆ? ಹಿಂದೂ ವಿವಾಹ ಕಾಯ್ದೆಯಲ್ಲಿ ಜೀವನಾಂಶ ಕೇಳುವ ಹಕ್ಕು ಇಬ್ಬರಿಗೂ ಇದೆ. ಕಾಯಿಲೆಯ ಗಂಡ ದುಡಿಯುವ ಹೆಂಡತಿಯನ್ನು ಕೇಳಬಹುದು, ಕಾಯಿಲೆಯ ಹೆಂಡತಿ ಗಂಡನನ್ನು ಕೇಳಬಹುದು. ಮುಸ್ಲಿಂ ಮನೆಗಳ ಹೆಣ್ಣುಮಕ್ಕಳಿಗೂ ತಲಾಖಿನ ನಂತರ ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶ ಕೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2024ರ ಜುಲೈ 10ರಂದು ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಮೂತ್ರಪಿಂಡ ಕೊಟ್ಟರೆ ಸಂಸಾರ, ಕೊಡದಿದ್ದರೆ ತವರು ಎಂಬ ಒತ್ತಾಯದ ಬಗ್ಗೆಯೂ ಬರೆಯದೆ ಇರಲಾರೆ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ ಹೆಂಡತಿ ಹತ್ತಿರದ ಸಂಬಂಧಿಗಳು. ಹೆಂಡತಿಯಷ್ಟೇ ಅಲ್ಲ, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಆ ಪಟ್ಟಿಯಲ್ಲಿದ್ದಾರೆ. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಕೊಡುವವರು ಸ್ವಂತ ಮನಸ್ಸಿನಿಂದ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ನಾಲ್ಕು ಜನರ ನಡುವೆ ಒಪ್ಪಿಸಿದ್ದು ಸ್ವಂತ ಮನಸ್ಸಲ್ಲ. ಅದು ನಿಮ್ಮ ಜಗಲಿಯಲ್ಲಿ ತೀರ್ಮಾನವಾಗುವ ವಿಷಯವೇ ಅಲ್ಲ, ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ.

ಈ ನಾಲ್ಕು ತಾಲ್ಲೂಕುಗಳು ಹಳೆ ಮೈಸೂರಿನವು. ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬರುವ 22 ವರ್ಷ ಮುಂಚೆ, 1933ರಲ್ಲೇ, ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳಿಗೆಂದು ಒಂದು ಕಾಯ್ದೆ ಮಾಡಿ ಆಸ್ತಿಯ ವಿಭಾಗದಲ್ಲಿ ಅವರಿಗೂ ಪಾಲಿಟ್ಟಿತ್ತು. ನಿಮ್ಮ ಅಜ್ಜಂದಿರು ನ್ಯಾಯ ಹೇಳಿದ್ದು ಆ ಕಾಯ್ದೆಯ ಕಾಲದಲ್ಲಿ. ಇಂದು ಹೆಣ್ಣಿನ ಲೆಕ್ಕವನ್ನು ಅದಕ್ಕಿಂತ ಹಿಂದಕ್ಕೆ ಒಯ್ಯಲು ನಿಮಗೆ ಯಾವ ಸಬೂಬೂ ಇಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಇಂಥ ಮನೆಯಿಂದ ಕರೆ ಬಂದಾಗ ಛಾಪಾ ಕಾಗದ ತರಿಸಬೇಡಿ. ಪಹಣಿ ತರಿಸಿ, ಆಸ್ಪತ್ರೆಯ ಚೀಟಿಗಳನ್ನೂ ಹಾಲಿನ ಪಾಸ್‌ಬುಕ್ಕನ್ನೂ ಸಂಘದ ಸಾಲದ ಲೆಕ್ಕವನ್ನೂ ತರಿಸಿ, ಆ ಹೆಣ್ಣುಮಗಳನ್ನು ಎದುರಿಗೆ ಕೂರಿಸಿಕೊಂಡು ಓದಿ. ಒಮ್ಮತವಾದರೆ ಅದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ, ಸರಿಯಾದ ಅರ್ಜಿ ಹಾಕಿಸಿ ಕೋರ್ಟಿನ ಆದೇಶ ಮಾಡಿಸಿ. ಒಮ್ಮತವಾಗದಿದ್ದರೂ ಅಲ್ಲಿಗೇ ಕಳಿಸಿ. ಸಮಿತಿ ಇರುವುದು ಆಯಾ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ವರಮಾನ ಕಡಿಮೆ ಇರುವ ಕಾಯಿಲೆಯ ಗಂಡನಿಗೂ ಸಿಗುತ್ತದೆ. ಹೋಗಲಾಗದವರು 15100ಕ್ಕೆ ಕರೆ ಮಾಡಿದರೆ ಸಾಕು.

ಇಂತಿ,
ನಿಮ್ಮ ಸೀಮೆಯ ಒಬ್ಬ ಹೆಣ್ಣುಮಗಳು